ಎಳೆಯ ಮಗುವಿಗೆ ಅರಿವಳಿಕೆ ಮತ್ತು ಮೆದುಳಿನ ಬೆಳವಣಿಗೆ: ಹೆತ್ತವರಿಗೆ ಹಂತ ಹಂತದ ಮಾರ್ಗದರ್ಶಿ

ಮೂರು ವರ್ಷ ತುಂಬುವ ಮೊದಲೇ ಮಗುವಿಗೆ ಅನಸ್ತೇಶಿಯಾ ಕೊಡಿಸಿದರೆ ಮುಂದೆ ಬುದ್ಧಿ ಮಂದವಾಗುತ್ತದೆಯೇ ಎಂಬ ಪ್ರಶ್ನೆಯನ್ನು ಓದುಗರು ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಕೇಳುತ್ತಾರೆ. ನಾಲ್ಕು ತಿಂಗಳ ಕೂಸಿಗೆ ಹರ್ನಿಯಾ ಆಪರೇಷನ್ ದಿನ ಗೊತ್ತಾದ ಮೇಲೆ ಕೇಳುವವರಿದ್ದಾರೆ. ಒಂದೂವರೆ ವರ್ಷದ ಮಗುವಿಗೆ ಎಂಆರ್‌ಐ ಮಾಡಿಸಲು ಹೇಳಿದಾಗ ಕೇಳುವವರಿದ್ದಾರೆ. ಎಂದೋ ಆಪರೇಷನ್ ಮುಗಿದು, ಈಗ ಮಗು ಮಾತು ಕಲಿಯುವುದು ತಡವಾದಾಗ, ಅಂದು ಕೊಟ್ಟ ಔಷಧವೇ ಇದಕ್ಕೆ ಕಾರಣವಿರಬಹುದೇ ಎಂದು ಅಳುಕಿನಿಂದ ಕೇಳುವವರೂ ಇದ್ದಾರೆ. ಮೂವರಿಗೂ ಬೇಕಾದ ಉತ್ತರದ ಬುಡ ಒಂದೇ ಆದ್ದರಿಂದ, ಎಲ್ಲವನ್ನೂ ಒಂದೆಡೆ ಬರೆಯುತ್ತಿದ್ದೇನೆ.

ಆತುರದಲ್ಲಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಆರೋಗ್ಯವಂತ ಮಗುವಿಗೆ, ಅಗತ್ಯವಾದ ಒಂದು ಚಿಕ್ಕ ಶಸ್ತ್ರಚಿಕಿತ್ಸೆಗಾಗಿ, ಸುಮಾರು ಒಂದು ತಾಸಿನ ಅರಿವಳಿಕೆ ಕೊಟ್ಟರೆ ಬುದ್ಧಿಮಟ್ಟದಲ್ಲಿ ಅಳೆದು ತೋರಿಸಬಹುದಾದ ಕುಂದು ಉಂಟಾಗುವುದಿಲ್ಲ ಎಂಬುದಕ್ಕೆ ಈಗ ಗಟ್ಟಿಯಾದ ಆಧಾರವಿದೆ. ಹಲವು ಬಾರಿ ಅಥವಾ ಬಹಳ ಹೊತ್ತು ಅರಿವಳಿಕೆ ಪಡೆದ ಮಕ್ಕಳ ವಿಷಯದಲ್ಲಿ ಪ್ರಶ್ನೆ ಇನ್ನೂ ಪೂರ್ತಿ ಬಗೆಹರಿದಿಲ್ಲ. ನಿಮ್ಮ ಮಗು ಯಾವ ಗುಂಪಿನಲ್ಲಿದೆ, ನಿಮ್ಮ ಕೈಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಮುಂದಿನ ಹಂತಗಳಲ್ಲಿ ನೋಡೋಣ.

ಕೆಲವು ಪದಗಳನ್ನು ಮೊದಲು ಬಿಡಿಸಿಕೊಳ್ಳಬೇಕು. ಪೂರ್ಣ ಅರಿವಳಿಕೆ ಎಂದರೆ, ಔಷಧದಿಂದ ಪ್ರಜ್ಞೆ, ನೋವು ಮತ್ತು ನೆನಪು ಮೂರನ್ನೂ ತಾತ್ಕಾಲಿಕವಾಗಿ ಇಲ್ಲವಾಗಿಸುವುದು. ಉಸಿರಾಟದ ಹೊಣೆಯನ್ನು ಆಗ ಬಹುಮಟ್ಟಿಗೆ ವೈದ್ಯರೇ ಹೊರುತ್ತಾರೆ. ಮಂಪರು, ಅಂದರೆ ಆಸ್ಪತ್ರೆಯವರು ಸೆಡೇಶನ್ ಎನ್ನುವುದು, ಅದಕ್ಕಿಂತ ಹಗುರವಾದ ನಿದ್ರೆ. ಪ್ರಾದೇಶಿಕ ಅರಿವಳಿಕೆಯಲ್ಲಿ ಬೆನ್ನುಹುರಿಯ ಬಳಿಯೋ ನರದ ಬಳಿಯೋ ಚುಚ್ಚುಮದ್ದು ಕೊಟ್ಟು ದೇಹದ ಒಂದು ಭಾಗವನ್ನಷ್ಟೇ ಮರಗಟ್ಟಿಸುತ್ತಾರೆ. ಈ ಲೇಖನದ ಪ್ರಶ್ನೆ ಮೊದಲ ಎರಡಕ್ಕೆ ಸಂಬಂಧಿಸಿದ್ದು. ‘ಬರೀ ನಿದ್ದೆ ಮದ್ದು, ಅನಸ್ತೇಶಿಯಾ ಅಲ್ಲ’ ಎಂಬ ಸಮಾಧಾನದ ಮಾತನ್ನು ನಂಬಿ ನಿಶ್ಚಿಂತರಾಗಬೇಡಿ. ಮಂಪರಿಗೂ ಪೂರ್ಣ ಅರಿವಳಿಕೆಗೂ ಬಳಸುವ ಔಷಧಗಳು ಎಷ್ಟೋ ಸಲ ಒಂದೇ ಆಗಿರುತ್ತವೆ, ಪ್ರಮಾಣ ಮಾತ್ರ ಬೇರೆ.

ಹಂತ 1: ಭಯ ಎಲ್ಲಿಂದ ಬಂತೆಂದು ತಿಳಿದುಕೊಳ್ಳಿ

ಈ ಚಿಂತೆ ಹುಟ್ಟಿದ್ದು ಪ್ರಯೋಗಾಲಯದ ಇಲಿಗಳಿಂದ. ಮೆದುಳಿನಲ್ಲಿ ನರಕೋಶಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಕೆಲಸ ಒಂದು ಕಾಲದಲ್ಲಿ ಬಹಳ ವೇಗವಾಗಿ ನಡೆಯುತ್ತದೆ. ಮನುಷ್ಯರಲ್ಲಿ ಆ ಕಾಲ ಗರ್ಭದ ಕೊನೆಯ ಮೂರು ತಿಂಗಳಿಂದ ಸುಮಾರು ಎರಡು, ಮೂರು ವರ್ಷದವರೆಗೆ ಹರಡಿಕೊಂಡಿದೆ. ಇಲಿಮರಿಯಲ್ಲಿ ಹುಟ್ಟಿದ ಏಳನೆಯ ದಿನದ ಆಸುಪಾಸಿನಲ್ಲಿ ಅದು ತಾರಕದಲ್ಲಿರುತ್ತದೆ. ಈ ಕಾಲದಲ್ಲಿ ಯಾವ ನರಕೋಶಕ್ಕೆ ಸಂದೇಶ ಬರುವುದು ನಿಂತುಹೋಗುತ್ತದೆಯೋ ಅದು ತಾನು ಬೇಡವಾದೆನೆಂದು ಬಗೆದು ತನ್ನನ್ನು ತಾನೇ ಮುಗಿಸಿಕೊಳ್ಳಬಹುದು. ಅರಿವಳಿಕೆಯ ಹೆಚ್ಚಿನ ಔಷಧಗಳು ಕೆಲಸ ಮಾಡುವುದೇ ಸಂದೇಶಗಳನ್ನು ತಡೆಯುವ ಮೂಲಕ. ನರಕೋಶದ ಮೇಲೆ ಸಂದೇಶವನ್ನು ಹಿಡಿಯುವ ಅಣುವಿಗೆ ಗ್ರಾಹಕ ಎನ್ನುತ್ತಾರೆ. ಕೆಲವು ಔಷಧಗಳು ‘ಗಾಬಾ’ ಎಂಬ ತಣಿಸುವ ಗ್ರಾಹಕವನ್ನು ಚುರುಕುಗೊಳಿಸುತ್ತವೆ, ಕೆಟಮಿನ್‌ನಂಥವು ‘ಎನ್‌ಎಂಡಿಎ’ ಎಂಬ ಉದ್ದೀಪಿಸುವ ಗ್ರಾಹಕದ ಬಾಗಿಲು ಮುಚ್ಚುತ್ತವೆ.

1999ರಲ್ಲಿ, ಎನ್‌ಎಂಡಿಎ ಗ್ರಾಹಕವನ್ನು ತಡೆದರೆ ಎಳೆಯ ಇಲಿಯ ಮೆದುಳಿನಲ್ಲಿ ನರಕೋಶಗಳು ದೊಡ್ಡ ಪ್ರಮಾಣದಲ್ಲಿ ಸಾಯುತ್ತವೆ ಎಂದು ತೋರಿಸಿದ ಸಂಶೋಧನೆ ಪ್ರಕಟವಾಯಿತು. 2003ರಲ್ಲಿ, ಆಸ್ಪತ್ರೆಗಳಲ್ಲಿ ದಿನನಿತ್ಯ ಬಳಸುವ ಮಿಡಜೋಲಾಮ್, ನೈಟ್ರಸ್ ಆಕ್ಸೈಡ್ ಮತ್ತು ಐಸೋಫ್ಲುರೇನ್‌ಗಳನ್ನು ಏಳು ದಿನದ ಇಲಿಮರಿಗಳಿಗೆ ಒಟ್ಟಾಗಿ ಆರು ತಾಸು ಕೊಟ್ಟಾಗ ಕೋಶಗಳು ಸತ್ತದ್ದಲ್ಲದೆ, ಆ ಮರಿಗಳು ದೊಡ್ಡವಾದ ಮೇಲೂ ಕಲಿಕೆಯಲ್ಲಿ ಹಿಂದೆ ಬಿದ್ದವು ಎಂಬ ಅಧ್ಯಯನ ಬಂತು. 2011ರಲ್ಲಿ, 24 ತಾಸು ಕೆಟಮಿನ್ ಪಡೆದ ಮಂಗನ ಮರಿಗಳಲ್ಲೂ ಕಲಿಕೆಯ ಕೊರತೆ ಬಹುಕಾಲ ಉಳಿದದ್ದು ವರದಿಯಾಯಿತು.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಇಲಿಮರಿಯ ಬದುಕಿನಲ್ಲಿ ಆರು ತಾಸು ಎಂದರೆ, ಅದರ ಮೆದುಳಿನ ಬೆಳವಣಿಗೆಯ ವೇಗಕ್ಕೆ ಹೋಲಿಸಿದರೆ, ಮನುಷ್ಯ ಶಿಶುವಿನ ಎಷ್ಟೋ ದಿನಗಳಿಗೆ ಸಮ. ನಿಮ್ಮ ಮಗುವಿನ ಹರ್ನಿಯಾ ಆಪರೇಷನ್ನಿಗೂ ಆ ಪ್ರಯೋಗಕ್ಕೂ ನಡುವೆ ಅಷ್ಟು ಅಂತರವಿದೆ. ಹಾಗೆಂದು ಆ ಸಂಶೋಧನೆಗಳು ಹುಸಿ ಎನ್ನುವಂತಿಲ್ಲ. ಮನುಷ್ಯರಲ್ಲಿ ಪರೀಕ್ಷಿಸಿ ನೋಡಲೇಬೇಕಾದ ಪ್ರಶ್ನೆಯನ್ನು ಅವು ಎತ್ತಿದವು.

2016ರ ಡಿಸೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಒಂದು ಎಚ್ಚರಿಕೆ ಹೊರಡಿಸಿತು. ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳಲ್ಲಿ ಮತ್ತು ಗರ್ಭದ ಕೊನೆಯ ಮೂರು ತಿಂಗಳಲ್ಲಿರುವ ಸ್ತ್ರೀಯರಲ್ಲಿ, ಈ ಔಷಧಗಳ ಪದೇ ಪದೇ ಬಳಕೆ ಅಥವಾ ಮೂರು ತಾಸಿಗಿಂತ ಹೆಚ್ಚು ಹೊತ್ತಿನ ಬಳಕೆ ಮಗುವಿನ ಮೆದುಳಿನ ಬೆಳವಣಿಗೆಯ ಮೇಲೆ ಪರಿಣಾಮ ಬೀರಬಹುದು ಎಂಬುದು ಅದರ ಸಾರ. ಸೆವೋಫ್ಲುರೇನ್, ಐಸೋಫ್ಲುರೇನ್, ಪ್ರೊಪೊಫಾಲ್, ಕೆಟಮಿನ್, ಮಿಡಜೋಲಾಮ್ ಸೇರಿದಂತೆ 11 ಔಷಧಗಳು ಆ ಪಟ್ಟಿಯಲ್ಲಿದ್ದವು. ವಾಟ್ಸ್‌ಆ್ಯಪ್‌ನಲ್ಲಿ ಸುತ್ತುವುದು ಇಷ್ಟು ಭಾಗ ಮಾತ್ರ. ಒಂದು ಬಾರಿಯ ಚಿಕ್ಕ ಅವಧಿಯ ಅರಿವಳಿಕೆಯಿಂದ ಹಾನಿಯಾಗುವ ಸಂಭವ ಕಡಿಮೆ ಎಂದೂ ಅದೇ ಪ್ರಕಟಣೆ ಹೇಳಿತ್ತು. ವೈದ್ಯಕೀಯವಾಗಿ ಅಗತ್ಯವಾದ ಶಸ್ತ್ರಚಿಕಿತ್ಸೆಯನ್ನು ಈ ಕಾರಣಕ್ಕೆ ಮುಂದೂಡಬಾರದು ಎಂದು 2017ರ ಏಪ್ರಿಲ್‌ನಲ್ಲಿ ಅದೇ ಸಂಸ್ಥೆ ಸ್ಪಷ್ಟಪಡಿಸಿತು. ಈ ಎರಡು ವಾಕ್ಯಗಳು ಮಾತ್ರ ಯಾರಿಗೂ ಫಾರ್ವರ್ಡ್ ಆಗುವುದಿಲ್ಲ.

ಹಂತ 2: ಮಕ್ಕಳಲ್ಲಿ ನಡೆದ ಅಧ್ಯಯನಗಳನ್ನು ಓದುವುದು ಹೇಗೆಂದು ತಿಳಿಯಿರಿ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಗೊಂದಲದ ಹೆಚ್ಚಿನ ಪಾಲು ಇಲ್ಲೇ ಹುಟ್ಟುತ್ತದೆ.

ಅಮೆರಿಕದ ಮಿನ್ನೆಸೋಟ ರಾಜ್ಯದ ಓಮ್‌ಸ್ಟೆಡ್ ಕೌಂಟಿಯಲ್ಲಿ 1976ರಿಂದ 1982ರವರೆಗೆ ಹುಟ್ಟಿದ 5,357 ಮಕ್ಕಳ ದಾಖಲೆಗಳನ್ನು ಮೇಯೊ ಕ್ಲಿನಿಕ್‌ನ ಸಂಶೋಧಕರು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದರು. ಅವರಲ್ಲಿ 593 ಮಕ್ಕಳು ನಾಲ್ಕು ವರ್ಷದೊಳಗೆ ಪೂರ್ಣ ಅರಿವಳಿಕೆ ಪಡೆದಿದ್ದರು. ಒಮ್ಮೆ ಮಾತ್ರ ಪಡೆದವರಲ್ಲಿ ಕಲಿಕೆಯ ತೊಂದರೆ ಹೆಚ್ಚಾಗಿರಲಿಲ್ಲ. ಎರಡು ಅಥವಾ ಹೆಚ್ಚು ಬಾರಿ ಪಡೆದವರಲ್ಲಿ ಹೆಚ್ಚಾಗಿತ್ತು. ಸುದ್ದಿಯಾಗಲು ಇಷ್ಟು ಸಾಕಾಯಿತು. ಆದರೆ ಮೂರು ನಾಲ್ಕು ಬಾರಿ ಆಪರೇಷನ್ ಬೇಕಾಗುವ ಮಗು ಮೊದಲೇ ಯಾವುದೋ ಕಾಯಿಲೆಯಿಂದ ಬಳಲುತ್ತಿರುತ್ತದೆ. ಪದೇ ಪದೇ ಕಿವಿ ಸೋರುವ ಮಗುವಿಗೆ ಕೇಳಿಸುವುದು ಕಡಿಮೆಯಾಗಿ ಮಾತು ತಡವಾದರೆ, ಅದಕ್ಕೆ ಕಿವಿ ಕಾರಣವೋ, ಕಿವಿಯ ಆಪರೇಷನ್ನಿಗೆ ಕೊಟ್ಟ ಅರಿವಳಿಕೆ ಕಾರಣವೋ ಎಂದು ಹಳೆಯ ದಾಖಲೆ ನೋಡಿ ಬಿಡಿಸಿ ಹೇಳುವುದು ಕಷ್ಟ. ಸಂಶೋಧಕರು ಇದನ್ನು ಗೊಂದಲಕಾರಿ ಅಂಶ ಎನ್ನುತ್ತಾರೆ. ಈ ವಿಷಯದ ಯಾವ ಸುದ್ದಿ ಓದಿದರೂ ನೀವು ಮೊದಲು ಕೇಳಬೇಕಾದದ್ದು, ಹೋಲಿಸಿದ ಎರಡು ಗುಂಪಿನ ಮಕ್ಕಳು ಬೇರೆಲ್ಲ ವಿಷಯದಲ್ಲಿ ಒಂದೇ ತೆರನಾಗಿದ್ದರೇ ಎಂದು.

ಈ ತೊಡಕನ್ನು ದಾಟಲೆಂದೇ ಮೆಲ್ಬರ್ನ್ ಮತ್ತು ಬಾಸ್ಟನ್‌ನ ವೈದ್ಯರ ಮುಂದಾಳತ್ವದಲ್ಲಿ ಏಳು ದೇಶಗಳ 28 ಆಸ್ಪತ್ರೆಗಳು ಸೇರಿ ‘ಗ್ಯಾಸ್’ ಎಂಬ ಹೆಸರಿನ ಅಧ್ಯಯನ ನಡೆಸಿದವು. ಹರ್ನಿಯಾ ಶಸ್ತ್ರಚಿಕಿತ್ಸೆ ಬೇಕಾಗಿದ್ದ 722 ಎಳೆಗೂಸುಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸೆವೋಫ್ಲುರೇನ್ ಎಂಬ ಆವಿಯಿಂದ ಪೂರ್ಣ ಅರಿವಳಿಕೆ ಕೊಟ್ಟರು. ಇನ್ನೊಂದು ಗುಂಪಿಗೆ ಎಚ್ಚರವಿರುವಾಗಲೇ ಪ್ರಾದೇಶಿಕ ಅರಿವಳಿಕೆ ಕೊಟ್ಟರು. ಪೂರ್ಣ ಅರಿವಳಿಕೆಯ ಅವಧಿಯ ಮಧ್ಯಾಂಕ 54 ನಿಮಿಷ, ಅಂದರೆ ಅರ್ಧದಷ್ಟು ಮಕ್ಕಳಲ್ಲಿ ಅದಕ್ಕಿಂತ ಕಡಿಮೆ, ಉಳಿದರ್ಧದಲ್ಲಿ ಹೆಚ್ಚು. ಮಕ್ಕಳು ಐದು ವರ್ಷದವರಾದಾಗ ಅಳೆದ ಬುದ್ಧಿಸೂಚ್ಯಂಕದ (ಐಕ್ಯೂ) ಸರಾಸರಿ, ಎಚ್ಚರವಿದ್ದವರಲ್ಲಿ 99.08, ಪೂರ್ಣ ಅರಿವಳಿಕೆ ಪಡೆದವರಲ್ಲಿ 98.97. ಇದು 2019ರಲ್ಲಿ ಪ್ರಕಟವಾಯಿತು. ಮೇಲೆ ಕೊಟ್ಟ ಗಟ್ಟಿಯಾದ ಆಧಾರ ಎಂಬ ಮಾತು ಮುಖ್ಯವಾಗಿ ನಿಂತಿರುವುದು ಇದರ ಮೇಲೆ. ಆ ಮಕ್ಕಳಲ್ಲಿ ಹುಡುಗರೇ ಬಹುಪಾಲು ಎಂಬುದನ್ನೂ, ಇದು ಒಂದೇ ಬಾರಿಯ ಚಿಕ್ಕ ಅವಧಿಯ ಅರಿವಳಿಕೆಗೆ ಸಿಕ್ಕ ಉತ್ತರ ಎಂಬುದನ್ನೂ ಮರೆಯಬಾರದು.

‘ಪಾಂಡಾ’ ಎಂಬ ಇನ್ನೊಂದು ಅಧ್ಯಯನ ಒಡಹುಟ್ಟಿದವರನ್ನು ಹೋಲಿಸಿತು. ಒಬ್ಬರು ಮೂರು ವರ್ಷದೊಳಗೆ ಹರ್ನಿಯಾ ಆಪರೇಷನ್ನಿಗಾಗಿ ಅರಿವಳಿಕೆ ಪಡೆದವರು, ಇನ್ನೊಬ್ಬರು ಆ ವಯಸ್ಸಿನಲ್ಲಿ ಪಡೆಯದವರು. ಇಂಥ 105 ಜೋಡಿಗಳು. ಮನೆ, ತಂದೆತಾಯಿ, ಊಟ ಎಲ್ಲ ಒಂದೇ ಆದ್ದರಿಂದ ಹೋಲಿಕೆಗೆ ಬಲವಿದೆ. ಎರಡೂ ಕಡೆ ಸರಾಸರಿ ಬುದ್ಧಿಸೂಚ್ಯಂಕ 111 ಇತ್ತು.

ಸ್ವೀಡನ್‌ನ 2017ರ ಅಧ್ಯಯನ ಗಾತ್ರದಲ್ಲಿ ದೊಡ್ಡದು. ನಾಲ್ಕು ವರ್ಷದೊಳಗೆ ಒಂದು ಬಾರಿ ಶಸ್ತ್ರಚಿಕಿತ್ಸೆ ಮತ್ತು ಅರಿವಳಿಕೆ ಪಡೆದ 33,514 ಮಕ್ಕಳನ್ನು, ಪಡೆಯದ 1,59,619 ಮಕ್ಕಳ ಜೊತೆ ಹೋಲಿಸಿದಾಗ 16ನೆಯ ವಯಸ್ಸಿನ ಶಾಲಾ ಅಂಕಗಳಲ್ಲಿ ಶೇ 0.41ರಷ್ಟು ಕಡಿಮೆ ಕಂಡಿತು. ತಾಯಿಯ ಓದು, ಮಗು ಹೆಣ್ಣೋ ಗಂಡೋ ಎಂಬುದು, ವರ್ಷದ ಯಾವ ತಿಂಗಳಲ್ಲಿ ಹುಟ್ಟಿತೆಂಬುದು, ಇವುಗಳಿಂದ ಉಂಟಾಗುವ ವ್ಯತ್ಯಾಸ ಅದಕ್ಕಿಂತ ದೊಡ್ಡದಾಗಿತ್ತು. ಒಂದನೇ ತರಗತಿಗೆ ಸೇರಿಸುವಾಗ ಮಗುವಿಗೆ ಎರಡು ತಿಂಗಳು ಕಡಿಮೆ ಬಿತ್ತು ಎಂದು ಚಡಪಡಿಸುವ ನಮ್ಮೂರಿನ ತಂದೆತಾಯಿಗೆ ಈ ಹೋಲಿಕೆಯ ಅಳತೆ ತಾನಾಗಿ ಅರ್ಥವಾದೀತು.

ಇನ್ನು ಹಲವು ಬಾರಿ ಅರಿವಳಿಕೆ ಪಡೆದವರ ವಿಷಯ. ಮೇಯೊ ಕ್ಲಿನಿಕ್‌ನವರೇ 2018ರಲ್ಲಿ ಪ್ರಕಟಿಸಿದ ‘ಮಾಸ್ಕ್’ ಅಧ್ಯಯನದಲ್ಲಿ 997 ಮಕ್ಕಳನ್ನು ಕೂರಿಸಿ ಪರೀಕ್ಷಿಸಿದರು. ಅವರಲ್ಲಿ 206 ಮಕ್ಕಳು ಮೂರು ವರ್ಷದೊಳಗೆ ಒಂದಕ್ಕಿಂತ ಹೆಚ್ಚು ಬಾರಿ ಅರಿವಳಿಕೆ ಪಡೆದಿದ್ದರು. ಬುದ್ಧಿಸೂಚ್ಯಂಕದಲ್ಲಿ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಆದರೆ ಹಲವು ಬಾರಿ ಪಡೆದವರಲ್ಲಿ ಮಾಹಿತಿಯನ್ನು ಗ್ರಹಿಸಿ ಸ್ಪಂದಿಸುವ ವೇಗವೂ ಬೆರಳುಗಳ ನಯಗೆಲಸವೂ ಸ್ವಲ್ಪ ಕಡಿಮೆಯಿದ್ದವು. ನಡವಳಿಕೆ ಮತ್ತು ಓದಿನ ತೊಂದರೆಗಳನ್ನು ಅವರ ಹೆತ್ತವರು ಹೆಚ್ಚಾಗಿ ಹೇಳಿದರು. ಇದು ಔಷಧದ ಪರಿಣಾಮವೆಂದು ಸಾಬೀತಾಗಿಲ್ಲ, ಅಲ್ಲವೆಂದೂ ಸಾಬೀತಾಗಿಲ್ಲ. ಹಾಗಾಗಿ ಇಂಥ ಮಕ್ಕಳನ್ನು ಗಮನವಿಟ್ಟು ಬೆಳೆಸುವುದು ಜಾಣತನ ಎಂಬುದು ನನ್ನ ಅಭಿಪ್ರಾಯ. ಎಂಟನೆಯ ಹಂತವನ್ನು ಅದಕ್ಕಾಗಿಯೇ ಇಟ್ಟಿದ್ದೇನೆ.

ಹಂತ 3: ಈ ಶಸ್ತ್ರಚಿಕಿತ್ಸೆ ಈಗಲೇ ಬೇಕೇ ಎಂದು ಕೇಳಿ

ಶಸ್ತ್ರಚಿಕಿತ್ಸಕರನ್ನು ಹೀಗೆ ಕೇಳಿ: “ಡಾಕ್ಟ್ರೇ, ಇದನ್ನು ಮಗುವಿಗೆ ಮೂರು ವರ್ಷವಾಗುವವರೆಗೆ ತಡೆದರೆ ಏನಾಗುತ್ತದೆ?” ಉತ್ತರ ಕಾಯಿಲೆಯಿಂದ ಕಾಯಿಲೆಗೆ ಪೂರ್ತಿ ಬೇರೆಯಾಗುತ್ತದೆ.

ತಡೆಯಬಾರದವುಗಳನ್ನು ಮೊದಲು ನೋಡೋಣ. ತೊಡೆಸಂದಿನ ಹರ್ನಿಯಾ ಇರುವ ಎಳೆಗೂಸಿನಲ್ಲಿ ಕರುಳು ಹೊರಬಂದು ಸಿಕ್ಕಿಕೊಂಡರೆ ಅದು ತುರ್ತು ಸ್ಥಿತಿ. ಆಗ ರಾತ್ರಿ ಹೊತ್ತು, ಸಿಕ್ಕ ಆಸ್ಪತ್ರೆಯಲ್ಲಿ, ನಿತ್ರಾಣಗೊಂಡ ಮಗುವಿಗೆ ಕೊಡುವ ಅರಿವಳಿಕೆ ಯೋಜಿಸಿ ಕೊಡುವುದಕ್ಕಿಂತ ಎಷ್ಟೋ ಪಾಲು ಅಪಾಯಕರ. ಹುಟ್ಟಿನಿಂದಲೇ ದಟ್ಟವಾದ ಕಣ್ಣಿನ ಪೊರೆ ಇದ್ದರೆ ಮೊದಲ ಕೆಲವು ವಾರಗಳಲ್ಲೇ ತೆಗೆಯಬೇಕು, ಇಲ್ಲದಿದ್ದರೆ ನೋಡುವುದನ್ನು ಕಲಿಯುವ ಕಾಲವೇ ಮೆದುಳಿಗೆ ದಾಟಿಹೋಗುತ್ತದೆ. ಪಿತ್ತನಾಳ ಮುಚ್ಚಿಹೋದ ಕೂಸಿಗೆ ಸುಮಾರು 60 ದಿನಗಳೊಳಗೆ ಆಪರೇಷನ್ ಆದರೆ ಫಲ ಹೆಚ್ಚು. ಕೆಳಗಿಳಿಯದ ವೃಷಣವನ್ನು ಆರರಿಂದ ಹದಿನೆಂಟು ತಿಂಗಳೊಳಗೆ ಸರಿಪಡಿಸುವುದು ರೂಢಿ. ಬಾಯಿಯ ಸೀಳಿದ ಅಂಗುಳನ್ನು ಮಾತು ಕಲಿಯುವ ಹೊತ್ತಿಗೆ ಹೊಲಿಯಬೇಕು. ಹುಟ್ಟುಕಿವುಡಿಗೆ ಕಾಕ್ಲಿಯರ್ ಇಂಪ್ಲಾಂಟ್ (ಒಳಗಿವಿಯಲ್ಲಿ ಕೂರಿಸುವ ಶ್ರವಣ ಸಾಧನ) ಹಾಕಿಸುವುದನ್ನು ‘ಮೆದುಳಿಗೆ ತೊಂದರೆಯಾದೀತು’ ಎಂದು ಮುಂದೂಡಿದರೆ ಆಗುವ ವಿಪರ್ಯಾಸವನ್ನು ಗಮನಿಸಿ: ಶಬ್ದವೇ ತಲುಪದ ಮೆದುಳಿನಲ್ಲಿ ಭಾಷೆ ಬೇರೂರುವುದಿಲ್ಲ. ತಡಮಾಡುವುದೇ ಇಲ್ಲಿ ಮೆದುಳಿಗೆ ಆಗುವ ನಷ್ಟ.

ಕಾಯಬಹುದಾದವೂ ಇವೆ. ಹೊಕ್ಕುಳ ಹರ್ನಿಯಾ ಬಹಳಷ್ಟು ಮಕ್ಕಳಲ್ಲಿ ನಾಲ್ಕೈದು ವರ್ಷದೊಳಗೆ ತಾನಾಗಿ ಮುಚ್ಚಿಕೊಳ್ಳುತ್ತದೆ. ವೃಷಣದ ಸುತ್ತ ನೀರು ತುಂಬುವ ಹೈಡ್ರೋಸೀಲ್ ಹೆಚ್ಚಾಗಿ ಒಂದೆರಡು ವರ್ಷದಲ್ಲಿ ಇಳಿಯುತ್ತದೆ. ಚಿಕ್ಕ ಹುಡುಗರಲ್ಲಿ ಮುಂದೊಗಲು ಹಿಂದೆ ಸರಿಯದಿರುವುದು, ಸೋಂಕಾಗಲಿ ಮೂತ್ರಕ್ಕೆ ತಡೆಯಾಗಲಿ ಇಲ್ಲದಿದ್ದರೆ, ಸಾಮಾನ್ಯವಾಗಿ ಸಹಜವೇ. ಹುಟ್ಟುಮಚ್ಚೆ, ಆರನೆಯ ಬೆರಳಿನಂಥ ಅಂದದ ಕಾರಣದ ಕೆಲಸಗಳಿಗೆ ಆತುರ ಬೇಡ. ಆದರೆ ಇದು ನೀವು ಮನೆಯಲ್ಲಿ ಕುಳಿತು ತೀರ್ಮಾನಿಸುವ ಪಟ್ಟಿಯಲ್ಲ. ತೊಡೆಸಂದಿನ ಊತ ಹರ್ನಿಯಾವೋ ಹೈಡ್ರೋಸೀಲೋ ಎಂಬುದನ್ನು ಕೈಯಿಟ್ಟು ನೋಡಿದ ಮಕ್ಕಳ ಶಸ್ತ್ರಚಿಕಿತ್ಸಕರೇ ಹೇಳಬೇಕು.

‘ಅರಿವಳಿಕೆ ಬೇಡ, ಮಗು ಚಿಕ್ಕದು, ಹಾಗೇ ಹಿಡಿದುಕೊಂಡು ಮಾಡಿಬಿಡಿ’ ಎಂದು ಕೇಳುವ ಹಿರಿಯರೂ ಇದ್ದಾರೆ. ಎಳೆಯ ಕೂಸುಗಳಿಗೆ ನೋವು ತಿಳಿಯುವುದಿಲ್ಲ ಎಂಬ ನಂಬಿಕೆ ಒಂದು ಕಾಲಕ್ಕೆ ವೈದ್ಯರಲ್ಲೂ ಇತ್ತು. 1987ರಲ್ಲಿ, ಭಾರತ ಮೂಲದ ವೈದ್ಯ ಕನ್ವಲ್‌ಜೀತ್ ಆನಂದ್ ಮತ್ತು ಜೊತೆಗಾರರು, ಅವಧಿಗೆ ಮುನ್ನ ಹುಟ್ಟಿದ ಕೂಸುಗಳಿಗೆ ಆಪರೇಷನ್ ವೇಳೆ ಫೆಂಟನಿಲ್ ಎಂಬ ನೋವು ನಿವಾರಕವನ್ನೂ ಕೊಟ್ಟಾಗ ದೇಹದ ಒತ್ತಡದ ಪ್ರತಿಕ್ರಿಯೆ ತಗ್ಗಿ, ತೊಡಕುಗಳು ಕಡಿಮೆಯಾದದ್ದನ್ನು ತೋರಿಸಿದ ಮೇಲೆ ಆ ನಂಬಿಕೆ ಕುಸಿಯಿತು. ತಣಿಸದ ನೋವು ಬೆಳೆಯುವ ಮೆದುಳಿಗೆ ಒಳ್ಳೆಯದಲ್ಲ.

ಹಂತ 4: ಬಾರಿಗಳನ್ನು ಕಡಿಮೆ ಮಾಡಿಸಿ

ಹೆತ್ತವರು ಸುಲಭವಾಗಿ ಮಾಡಬಹುದಾದ ಕೆಲಸ ಇದು, ಆದರೂ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಮಗುವಿಗೆ ಹರ್ನಿಯಾ ಜೊತೆಗೆ ಕೆಳಗಿಳಿಯದ ವೃಷಣವೂ ಇದ್ದರೆ ಒಂದೇ ಅರಿವಳಿಕೆಯಲ್ಲಿ ಎರಡನ್ನೂ ಮುಗಿಸಲಾದೀತೇ ಎಂದು ಕೇಳಿ. ಸೀಳುತುಟಿಯ ಮಗುವಿಗೆ ಕಿವಿಯ ಪರೀಕ್ಷೆಯೋ ಹಲ್ಲಿನ ಅಳತೆಯೋ ಬಾಕಿಯಿದ್ದರೆ ಅದೇ ಸಲಕ್ಕೆ ಸೇರಿಸಬಹುದೇ ಎಂದು ಕೇಳಿ. ಬೇರೆ ಬೇರೆ ವಿಭಾಗದ ವೈದ್ಯರು ತಮ್ಮ ತಮ್ಮ ದಿನಾಂಕವನ್ನು ತಾವೇ ಗೊತ್ತುಮಾಡುವುದು ನಮ್ಮ ದೊಡ್ಡ ಆಸ್ಪತ್ರೆಗಳ ರೀತಿ. ಎಲ್ಲ ಚೀಟಿಗಳನ್ನೂ ಒಂದೇ ಫೈಲಿನಲ್ಲಿ ಇಟ್ಟುಕೊಂಡು ಓಡಾಡುವವರು ನೀವೊಬ್ಬರೇ ಆದ್ದರಿಂದ, ಜೋಡಿಸುವ ಮಾತನ್ನು ನೀವೇ ಎತ್ತಬೇಕಾಗುತ್ತದೆ.

ಸ್ಕ್ಯಾನಿನ ವಿಷಯದಲ್ಲಿ, ಕೆಲವೇ ತಿಂಗಳ ಕೂಸಾಗಿದ್ದರೆ ಹೊಟ್ಟೆ ತುಂಬ ಹಾಲು ಕುಡಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಕಿವಿಗೆ ರಕ್ಷಣೆ ಕೊಟ್ಟು, ಸಹಜ ನಿದ್ದೆಯಲ್ಲೇ ಎಂಆರ್‌ಐ ಮುಗಿಸುವ ಪದ್ಧತಿ ಇದೆ. ನಿಮ್ಮ ಆಸ್ಪತ್ರೆಯಲ್ಲಿ ಅದು ಸಾಧ್ಯವೇ ಎಂದು ವಿಚಾರಿಸಿ. ಹಳೆಯ ಸ್ಕ್ಯಾನಿನ ಸಿ.ಡಿ. ತರಲಿಲ್ಲವೆಂಬ ಒಂದೇ ಕಾರಣಕ್ಕೆ ಮತ್ತೆ ಮಂಪರು ಕೊಟ್ಟು ಸ್ಕ್ಯಾನ್ ಮಾಡಿಸುವ ಪ್ರಸಂಗ ಬರದಂತೆ ನೋಡಿಕೊಳ್ಳಿ.

ಒಂದು ಗಂಭೀರ ಎಚ್ಚರಿಕೆ: ಕಿವಿಯ ಬೆರಾ ಪರೀಕ್ಷೆಗೋ ಹೃದಯದ ಎಕೋಗೋ ಕೊಡುವ ಟ್ರಿಕ್ಲೋಫಾಸ್‌ನಂಥ ನಿದ್ದೆಯ ಸಿರಪ್ಪನ್ನು ಮನೆಯಲ್ಲೇ ಕುಡಿಸಿ, ಬೈಕಿನಲ್ಲಿ ಮಡಿಲಲ್ಲಿಟ್ಟುಕೊಂಡು ಬರಬೇಡಿ. ಮಗು ಮಲಗಲಿಲ್ಲವೆಂದು ನೀವಾಗಿಯೇ ಇನ್ನೊಂದು ಚಮಚ ಹಾಕಬೇಡಿ. ನಿದ್ದೆಯಲ್ಲಿ ಕತ್ತು ಬಾಗಿ ಉಸಿರು ಕಟ್ಟಿದರೆ ದಾರಿಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಅದನ್ನು ಆಸ್ಪತ್ರೆಯಲ್ಲೇ, ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ ಹಾಕಿದ ಮೇಲೆ ಕೊಡಬೇಕು.

ಹಂತ 5: ಅರಿವಳಿಕೆ ತಜ್ಞರನ್ನು ಮೊದಲೇ ಭೇಟಿಯಾಗಿ

ಆಪರೇಷನ್‌ಗೆ ಮೊದಲಿನ ಈ ತಪಾಸಣೆಯನ್ನು ಆಸ್ಪತ್ರೆಯಲ್ಲಿ ಪಿಎಸಿ ಅಥವಾ ‘ಫಿಟ್ನೆಸ್’ ಎನ್ನುತ್ತಾರೆ. ಹೆಚ್ಚಿನವರು ಇದನ್ನು ಒಂದು ಸಹಿ ಎಂದುಕೊಂಡು ಐದು ನಿಮಿಷದಲ್ಲಿ ಮುಗಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದಲ್ಲಿ ಮಗುವಿನ ಮೆದುಳಿಗೆ ಇದರಷ್ಟು ಮುಖ್ಯವಾದ ಭೇಟಿ ಇನ್ನೊಂದಿಲ್ಲ.

ಕಾರಣ ಇದು. ಅರಿವಳಿಕೆಯ ಹೊತ್ತಿನಲ್ಲಿ ಎಳೆಯ ಮೆದುಳಿಗೆ ಹಾನಿ ಮಾಡುತ್ತವೆಂದು ಸಂಶಯವಿಲ್ಲದೆ ಗೊತ್ತಿರುವ ಸಂಗತಿಗಳು ಬೇರೆ ಇವೆ: ಆಮ್ಲಜನಕ ಇಳಿಯುವುದು, ರಕ್ತದೊತ್ತಡ ಕುಸಿಯುವುದು, ಸಕ್ಕರೆಯಾಗಲಿ ಸೋಡಿಯಂ ಆಗಲಿ ತೀರ ಇಳಿಯುವುದು, ಮೈ ತಣ್ಣಗಾಗುವುದು. ಯಂತ್ರದಿಂದ ಅಗತ್ಯಕ್ಕಿಂತ ಜೋರಾಗಿ ಉಸಿರು ಕೊಟ್ಟರೆ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು ಮೆದುಳಿನ ರಕ್ತನಾಳಗಳು ಕುಗ್ಗುತ್ತವೆ ಎಂಬುದೂ ಇದೇ ಸಾಲಿಗೆ ಸೇರುತ್ತದೆ. ಯುರೋಪಿನ 33 ದೇಶಗಳ 261 ಆಸ್ಪತ್ರೆಗಳಲ್ಲಿ 31,127 ಅರಿವಳಿಕೆಗಳನ್ನು ಗಮನಿಸಿ 2017ರಲ್ಲಿ ಪ್ರಕಟವಾದ ‘ಎಪ್ರಿಕಾಟ್’ ಅಧ್ಯಯನದಲ್ಲಿ ಶೇ 5.2ರಷ್ಟು ಸಂದರ್ಭಗಳಲ್ಲಿ ಉಸಿರಾಟ, ರಕ್ತಸಂಚಾರ ಮೊದಲಾದವುಗಳ ಗಂಭೀರ ಏರುಪೇರು ಕಂಡಿತು. ವಯಸ್ಸು ಕಡಿಮೆಯಿದ್ದಷ್ಟೂ ಅದು ಹೆಚ್ಚು, ಮಕ್ಕಳಿಗೆ ಅರಿವಳಿಕೆ ಕೊಟ್ಟ ಅನುಭವ ವೈದ್ಯರಿಗೆ ಹೆಚ್ಚಿದ್ದಷ್ಟೂ ಕಡಿಮೆ. ಯಾವ ಔಷಧ ಎಂದು ತಲೆಕೆಡಿಸಿಕೊಳ್ಳುವ ಬದಲು, ಯಾರು ಕೊಡುತ್ತಾರೆ, ಹೇಗೆ ಕಾಯುತ್ತಾರೆ ಎಂದು ಕೇಳುವುದು ಹೆಚ್ಚು ಉಪಯುಕ್ತ.

ಕೇಳಬೇಕಾದ ಪ್ರಶ್ನೆಗಳು ಹೀಗಿರಲಿ:

“ಈ ವಯಸ್ಸಿನ ಮಕ್ಕಳಿಗೆ ನೀವು ನಿಯಮಿತವಾಗಿ ಅರಿವಳಿಕೆ ಕೊಡುತ್ತೀರಾ?” ಇದು ಅವಮಾನದ ಪ್ರಶ್ನೆಯಲ್ಲ, ಮಕ್ಕಳ ಅರಿವಳಿಕೆ ತಜ್ಞರು ಇದನ್ನು ಸಹಜವಾಗಿಯೇ ತೆಗೆದುಕೊಳ್ಳುತ್ತಾರೆ.

“ಒಟ್ಟು ಎಷ್ಟು ಹೊತ್ತಾಗಬಹುದು?” ಶಸ್ತ್ರಚಿಕಿತ್ಸಕರು ಹೇಳುವುದು ಕೊಯ್ಯುವುದರಿಂದ ಹೊಲಿಯುವವರೆಗಿನ ಹೊತ್ತು. ಅರಿವಳಿಕೆಯ ಅವಧಿ ಅದಕ್ಕಿಂತ ಉದ್ದವಿರುತ್ತದೆ.

“ಪ್ರಾದೇಶಿಕ ಅರಿವಳಿಕೆ ಜೊತೆಗೆ ಕೊಡುತ್ತೀರಾ?” ಹೊಟ್ಟೆಯ ಕೆಳಭಾಗದ ಆಪರೇಷನ್ನುಗಳಲ್ಲಿ ಮಗು ಮಲಗಿದ ಮೇಲೆ ಬೆನ್ನಿನ ಕೆಳತುದಿಯಲ್ಲಿ ‘ಕಾಡಲ್’ ಎಂಬ ಚುಚ್ಚುಮದ್ದು ಕೊಟ್ಟರೆ ಆವಿಯ ಪ್ರಮಾಣ ಕಡಿಮೆ ಸಾಕಾಗುತ್ತದೆ, ಎಚ್ಚರವಾದಾಗ ನೋವೂ ಕಡಿಮೆ. ಪೂರ್ತಿ ಎಚ್ಚರದಲ್ಲೇ ಬೆನ್ನಿಗೆ ಕೊಟ್ಟು ಮಾಡುವುದು ಮೊದಲ ಕೆಲವು ತಿಂಗಳ ಕೂಸುಗಳಲ್ಲಿ, ಚಿಕ್ಕ ಆಪರೇಷನ್ನಿಗೆ, ಪಳಗಿದ ಕೈ ಇದ್ದಲ್ಲಿ ಮಾತ್ರ ಸಾಧ್ಯ. ಒಂದೂವರೆ ವರ್ಷದ ಮಗುವಿಗೆ ಅದನ್ನೇ ಮಾಡಿ ಎಂದು ಹಟ ಹಿಡಿಯಬೇಡಿ.

ನೀವು ಹೇಳಬೇಕಾದದ್ದನ್ನೂ ಮರೆಯಬೇಡಿ. ಮಗು ಅವಧಿಗೆ ಮುನ್ನ ಹುಟ್ಟಿದ್ದರೆ ಎಷ್ಟು ವಾರಕ್ಕೆ, ಹಿಂದೆ ಫಿಟ್ಸ್ ಬಂದಿತ್ತೇ, ರಾತ್ರಿ ಗೊರಕೆ ಹೊಡೆಯುತ್ತದೆಯೇ, ಕಳೆದ ಕೆಲವು ವಾರಗಳಲ್ಲಿ ನೆಗಡಿ ಕೆಮ್ಮು ಇತ್ತೇ ಎಂಬುದನ್ನು ಮುಚ್ಚಿಡದೆ ಹೇಳಿ. ಎಷ್ಟೋ ದೂರದಿಂದ ಬಂದಿದ್ದೇವೆ, ದಿನಾಂಕ ತಪ್ಪಿಹೋಗುತ್ತದೆ ಎಂಬ ಆತಂಕದಲ್ಲಿ ನೆಗಡಿಯನ್ನು ಮುಚ್ಚಿಡುವುದು ಪದೇ ಪದೇ ಆಗುವ ತಪ್ಪು. ಕಫ ತುಂಬಿದ ಎದೆಯೇ ಥಿಯೇಟರಿನಲ್ಲಿ ಆಮ್ಲಜನಕ ಇಳಿಯಲು ಸಾಮಾನ್ಯ ಕಾರಣ. ಕುಟುಂಬದಲ್ಲಿ ಯಾರಿಗಾದರೂ ಅರಿವಳಿಕೆಯ ವೇಳೆ ವಿಪರೀತ ಜ್ವರ ಬಂದಿದ್ದರೆ, ಆಪರೇಷನ್ ಮುಗಿದ ಮೇಲೂ ಉಸಿರು ಮರಳಲು ತಾಸುಗಟ್ಟಲೆ ಹಿಡಿದಿದ್ದರೆ ತಪ್ಪದೆ ತಿಳಿಸಿ. ಇವೆರಡೂ ವಂಶಪಾರಂಪರ್ಯವಾಗಿ ಬರಬಹುದಾದ ತೊಂದರೆಗಳ ಸುಳಿವು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದ ತಾಯಂದಿರು ಆ ಸಂಬಂಧವನ್ನೂ ಹೇಳಿಬಿಡುವುದು ಒಳ್ಳೆಯದು.

ಹಂತ 6: ಉಪವಾಸವನ್ನು ಗಡಿಯಾರ ನೋಡಿ ಪಾಲಿಸಿ

ಸಾಮಾನ್ಯ ನಿಯಮ ಸರಳವಾಗಿದೆ. ಘನ ಆಹಾರ, ಹಸುವಿನ ಹಾಲು ಅಥವಾ ಡಬ್ಬಿ ಹಾಲಿಗೆ 6 ತಾಸು; ಎದೆಹಾಲಿಗೆ 4 ತಾಸು; ನೀರಿನಂಥ ತಿಳಿ ದ್ರವಕ್ಕೆ 2 ತಾಸು. ನಿಮ್ಮ ವೈದ್ಯರು ಬೇರೆ ಹೊತ್ತು ಹೇಳಿದ್ದರೆ ಅದೇ ಅಂತಿಮ. ರಾಗಿ ಸರಿ, ಗಂಜಿ, ಬಿಸ್ಕತ್ತು ಅದ್ದಿದ ಹಾಲು ಇವೆಲ್ಲ ಘನ ಆಹಾರದ ಲೆಕ್ಕ. ನೀರಾಗಿ ಕಂಡ ಮಾತ್ರಕ್ಕೆ ಗಂಜಿ ತಿಳಿ ದ್ರವವಾಗುವುದಿಲ್ಲ.

ತಪ್ಪು ಎರಡು ಕಡೆಯಿಂದಲೂ ಆಗುತ್ತದೆ. ಥಿಯೇಟರಿನ ಹೊರಗಿನ ಬೆಂಚಿನಲ್ಲಿ ಅಳುವ ಮೊಮ್ಮಗುವನ್ನು ನೋಡಲಾರದೆ ಸೆರಗಿನ ಮರೆಯಲ್ಲಿ ಅರ್ಧ ಬಿಸ್ಕತ್ತು ಬಾಯಿಗಿಡುವ ಅಜ್ಜಿಯನ್ನು ಯಾವ ಆಸ್ಪತ್ರೆಯ ನರ್ಸನ್ನು ಕೇಳಿದರೂ ವರ್ಣಿಸುತ್ತಾರೆ. ಆ ಅರ್ಧ ಬಿಸ್ಕತ್ತು ಶ್ವಾಸಕೋಶ ಸೇರಬಹುದು. ತಿಂದದ್ದು ಗೊತ್ತಾದರೆ ಬೈಗುಳಕ್ಕೆ ಅಂಜದೆ ಹೇಳಿಬಿಡಿ, ಆಪರೇಷನ್ ಕೆಲವು ತಾಸು ಮುಂದಕ್ಕೆ ಹೋಗುತ್ತದೆ ಅಷ್ಟೆ. ಇನ್ನೊಂದು ತಪ್ಪು, ‘ರಾತ್ರಿ ಹತ್ತರಿಂದ ಏನೂ ಕೊಡಬೇಡಿ’ ಎಂಬ ದೊಡ್ಡವರ ನಿಯಮವನ್ನು ಕೂಸಿಗೂ ಅನ್ವಯಿಸಿ, ಮರುದಿನ ಮಧ್ಯಾಹ್ನದವರೆಗೆ ಒಣಗಿಸುವುದು. ಅಷ್ಟು ಹೊತ್ತಿನ ಉಪವಾಸದಿಂದ ಎಳೆಗೂಸಿನ ಸಕ್ಕರೆಯೂ ರಕ್ತದೊತ್ತಡವೂ ಇಳಿಯಬಹುದು. ಮೆದುಳಿಗೆ ಬೇಡವಾದದ್ದೇ ಅದು. ಆದ್ದರಿಂದ ನಮ್ಮ ಮಗುವಿನ ಸರದಿ ಎಷ್ಟು ಗಂಟೆಗೆ, ಕೊನೆಯ ಹಾಲು ಎಷ್ಟು ಗಂಟೆಗೆ, ಕೊನೆಯ ನೀರು ಎಷ್ಟು ಗಂಟೆಗೆ ಎಂದು ಮೂರು ಹೊತ್ತನ್ನು ಬರೆಸಿಕೊಳ್ಳಿ. ಸರದಿ ಹಿಂದಕ್ಕೆ ಹೋದರೆ ‘ಈಗ ನೀರು ಕೊಡಬಹುದೇ’ ಎಂದು ಮತ್ತೆ ಕೇಳಿ.

ಹಂತ 7: ಎಚ್ಚರವಾದಾಗ ಬೆಚ್ಚಬೇಡಿ

ಮೊದಲ ಅರ್ಧ ತಾಸಿನಲ್ಲಿ ಕೆಲವು ಮಕ್ಕಳು ಕಣ್ಣು ಬಿಟ್ಟರೂ ತಾಯಿಯನ್ನು ಗುರುತಿಸುವುದಿಲ್ಲ. ಬೆನ್ನು ಬಿಲ್ಲಿನಂತೆ ಬಾಗಿಸಿ, ಕೈಗೆ ಹಾಕಿದ ಡ್ರಿಪ್ಪನ್ನು ಕಿತ್ತುಕೊಳ್ಳಲು ಹೋಗಿ, ಎತ್ತಿಕೊಂಡರೂ ಬಿಟ್ಟರೂ ಒಂದೇ ಸಮನೆ ಅರಚುತ್ತವೆ. ‘ಮಗು ಮೊದಲಿನಂತಿಲ್ಲ, ತಲೆಗೇ ಏನೋ ಆಗಿದೆ’ ಎಂಬ ಭಯ ಹುಟ್ಟುವುದು ಈ ಗಳಿಗೆಯಲ್ಲೇ. ಸೆವೋಫ್ಲುರೇನ್ ನಂತರ ಇದು ಸಾಮಾನ್ಯ, ತಾನಾಗಿ ಇಳಿಯುತ್ತದೆ. ಬಿಗಿಯಾಗಿ ಅಪ್ಪಿಕೊಂಡು, ಒಬ್ಬರೇ ಮೆಲ್ಲಗೆ ಮಾತಾಡುತ್ತಿರಿ. ನಾಲ್ಕು ಜನ ಸುತ್ತ ನಿಂತು ಹೆಸರು ಕೂಗಿದರೆ ಹೆಚ್ಚಾಗುತ್ತದೆ. ನೋವಿದೆಯೇ ಎಂದು ನರ್ಸ್ ಪರೀಕ್ಷಿಸಲಿ.

ಮುಂದಿನ ಒಂದೆರಡು ವಾರ ರಾತ್ರಿ ಬೆಚ್ಚಿಬೀಳುವುದು, ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ತಾಯಿಯ ಸೆರಗು ಬಿಡದಿರುವುದು ಇವೂ ಇರಬಹುದು. ಇದು ಅಪರಿಚಿತ ಜಾಗ, ನೋವು ಮತ್ತು ಅಗಲಿಕೆಯ ಪರಿಣಾಮ; ಮೆದುಳಿಗೆ ಪೆಟ್ಟಾದ ಗುರುತಲ್ಲ. ತಿಂಗಳು ಕಳೆದರೂ ಹೋಗದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಎಬ್ಬಿಸಲಾಗದಷ್ಟು ಮಂಕು, ಫಿಟ್ಸ್, ಕೈಕಾಲಿನ ಒಂದು ಬದಿ ಆಡದಿರುವುದು ಕಂಡರೆ ಮಾತ್ರ ಒಂದು ಗಳಿಗೆಯೂ ಕಾಯಬೇಡಿ.

ಆಸ್ಪತ್ರೆ ಬಿಡುವ ಮುನ್ನ ಡಿಸ್ಚಾರ್ಜ್ ಸಮ್ಮರಿಯ ಜೊತೆ ಅರಿವಳಿಕೆಯ ಚಾರ್ಟಿನ ಪ್ರತಿಯನ್ನೂ ಕೇಳಿ ಪಡೆಯಿರಿ. ಯಾವ ಔಷಧ, ಎಷ್ಟು ಹೊತ್ತು, ಐದೈದು ನಿಮಿಷಕ್ಕೊಮ್ಮೆ ನಾಡಿ, ರಕ್ತದೊತ್ತಡ, ಆಮ್ಲಜನಕ ಎಷ್ಟಿತ್ತು ಎಂಬ ಗೆರೆಗಳು ಅದರಲ್ಲಿರುತ್ತವೆ. ಮುಂದೆ ಇನ್ನೊಂದು ಆಪರೇಷನ್ ಬಂದರೆ ಹೊಸ ವೈದ್ಯರಿಗೆ ಇದು ದೊಡ್ಡ ಸಹಾಯ.

ಹಂತ 8: ಬೆಳವಣಿಗೆಯನ್ನು ಗಮನಿಸುತ್ತಿರಿ, ತಡವಾದರೆ ಕಾರಣ ಹುಡುಕಿ

ಒಂದು ಚಿಕ್ಕ ಆಪರೇಷನ್ ಆದ ಮಗುವಿಗೆ ಉಳಿದ ಮಕ್ಕಳಿಗಿಂತ ಹೆಚ್ಚಿನ ಪರೀಕ್ಷೆ ಬೇಕಿಲ್ಲ. ಎರಡು, ಮೂರು ಬಾರಿ ಅರಿವಳಿಕೆಯಾಗಿದ್ದರೆ, ಹೃದಯದ ದೊಡ್ಡ ಆಪರೇಷನ್ ಆಗಿದ್ದರೆ, ಅವಧಿಗೆ ಮುನ್ನ ಹುಟ್ಟಿದ್ದರೆ, ಆಗಾಗ ಬೆಳವಣಿಗೆಯ ತಪಾಸಣೆ ಮಾಡಿಸಿ. ತಾಯಿ ಕಾರ್ಡಿನಲ್ಲೇ ಮೈಲಿಗಲ್ಲುಗಳು ಅಚ್ಚಾಗಿರುತ್ತವೆ, ಲಸಿಕೆಯ ಪುಟ ಮಾತ್ರ ನೋಡಿ ಮಡಿಸಿಡಬೇಡಿ. ಎರಡು ತಿಂಗಳಿಗೆ ಮುಖ ನೋಡಿ ನಗುವುದು, ನಾಲ್ಕು ತಿಂಗಳೊಳಗೆ ಕತ್ತು ನಿಲ್ಲುವುದು, ಎಂಟು ತಿಂಗಳೊಳಗೆ ಆಸರೆಯಿಲ್ಲದೆ ಕೂರುವುದು, ಒಂದೂವರೆ ವರ್ಷದೊಳಗೆ ನಡೆಯುವುದು, ಎರಡು ವರ್ಷಕ್ಕೆ ‘ಅಮ್ಮಾ ಬಾ’, ‘ಹಾಲು ಬೇಕು’ ಎಂದು ಎರಡು ಪದ ಕೂಡಿಸಿ ಆಡುವುದು, ಇಷ್ಟನ್ನು ಗಮನಿಸಿದರೆ ಸಾಕು. ಅವಧಿಗೆ ಮುನ್ನ ಹುಟ್ಟಿದ ಮಗುವಿನ ವಯಸ್ಸನ್ನು ಹೆರಿಗೆಗೆ ಗೊತ್ತಾಗಿದ್ದ ದಿನದಿಂದ ಲೆಕ್ಕ ಹಾಕಬೇಕು.

ತಡ ಕಂಡರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತಿಳಿಸಿ. 2013ರಲ್ಲಿ ಆರಂಭವಾದ ಈ ಯೋಜನೆಯ ತಂಡಗಳು ಅಂಗನವಾಡಿಗಳಿಗೆ ಬಂದು ಮಕ್ಕಳನ್ನು ನೋಡುತ್ತವೆ, ಅಗತ್ಯವಿದ್ದವರನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸುತ್ತವೆ. ಮಾತು ಮತ್ತು ಶ್ರವಣದ ವಿಷಯಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಕೊನೆಯದಾಗಿ, ಎಂದೋ ಅರಿವಳಿಕೆ ಆಗಿದ್ದು ಈಗ ಮಗು ಮಾತಾಡುತ್ತಿಲ್ಲ ಎಂದು ಕೇಳುವವರಿಗೆ ಒಂದು ಮಾತು. ‘ಅನಸ್ತೇಶಿಯಾದಿಂದಲೇ ಹೀಗಾಯಿತು’ ಎಂದು ತೀರ್ಮಾನಿಸಿಕೊಂಡ ಮನೆಯಲ್ಲಿ ಹುಡುಕಾಟ ಅಲ್ಲಿಗೇ ನಿಂತುಬಿಡುತ್ತದೆ. ಔಷಧವನ್ನಂತೂ ಹಿಂದಕ್ಕೆ ತೆಗೆಯಲಾಗುವುದಿಲ್ಲವಲ್ಲ. ಮಾತು ತಡವಾಗಲು ಸಾಮಾನ್ಯ ಕಾರಣಗಳಾದ ಕಿವಿಯ ದೋಷ, ಆಟಿಸಂ, ಥೈರಾಯ್ಡ್ ಕೊರತೆ, ದಿನವಿಡೀ ಮೊಬೈಲ್ ಪರದೆ ಇವುಗಳಲ್ಲಿ ಪ್ರತಿಯೊಂದಕ್ಕೂ ಇಂದೇ ಮಾಡಬಹುದಾದದ್ದು ಇದೆ. ಮೊದಲು ಕಿವಿಯ ಪರೀಕ್ಷೆ ಮಾಡಿಸಿ, ಮಗು ಬಾಗಿಲ ಸದ್ದಿಗೆ ತಿರುಗುತ್ತದೆ ಎಂದು ನಿಮಗೆ ಅನ್ನಿಸಿದ್ದರೂ ಮಾಡಿಸಿ.